ಬಾಗಿಲ ಬಳಿಯ ಕುರ್ಚಿ

ಕ್ಯಾಲಿಫೋರ್ನಿಯಾದ ಒಂದು ಕನ್ನಡ ಸಂಘ. ಗ್ರಂಥಾಲಯದ ಬಾಡಿಗೆ ಕೋಣೆಯಲ್ಲಿ ಆಡಳಿತ ಮಂಡಳಿಯ ಸಭೆ ಶುರುವಾಗುವ ಹೊತ್ತಿಗೆ ಹಿರಿಯ ಸದಸ್ಯರೊಬ್ಬರು ಕಾಫಿ ಲೋಟ ಹಿಡಿದು ಬಂದು ಬಾಗಿಲ ಬಳಿಯ ಕುರ್ಚಿಯಲ್ಲಿ ಕುಳಿತರು. ಅವರು ಮಂಡಳಿಯಲ್ಲಿರಲಿಲ್ಲ. ಸಭಾ ನಿಯಮಗಳ ಸಲಹೆಗಾರನಾಗಿ ಹೋಗಿದ್ದ ನನ್ನತ್ತ ಅಧ್ಯಕ್ಷರು ನೋಡಿದರು. “ವರ್ಷವರ್ಷವೂ ಚಂದಾ ಕಟ್ಟುತ್ತೇನೆ, ನಾನೇ ಆರಿಸಿದ ಮಂಡಳಿ. ಕೂತರೆ ತಪ್ಪೇನು ಸರ್?” ಎಂದರು ಹಿರಿಯರು.

ತಪ್ಪಲ್ಲ, ಆದರೆ ಅದು ಹಕ್ಕೂ ಅಲ್ಲ. ಆ ಸಂಘದ ಬೈಲಾದಲ್ಲಿ ಈ ಬಗ್ಗೆ ಸೊಲ್ಲೇ ಇರಲಿಲ್ಲ. ಉಳಿದುದಕ್ಕೆ ಸಭೆ ನಡೆಸುವ ನಿಯಮಗಳ ಪುಸ್ತಕವಾದ ‘ರಾಬರ್ಟ್ಸ್ ರೂಲ್ಸ್’ ಅನ್ವಯ ಎಂಬ ಒಂದು ಸಾಲು ಮಾತ್ರ ಇತ್ತು. ಅಮೆರಿಕದ ಸೇನಾ ಎಂಜಿನಿಯರ್ ಹೆನ್ರಿ ರಾಬರ್ಟ್ 1876ರಲ್ಲಿ ಹೊರತಂದ ಈ ಪುಸ್ತಕದ ಹನ್ನೆರಡನೆಯ ಆವೃತ್ತಿ 2020ರಲ್ಲಿ ಬಂತು. ಅದರ ಪ್ರಕಾರ ಮಂಡಳಿಯ ಸಭೆಗೆ ಬರುವ ಹಕ್ಕು ಮಂಡಳಿಯವರಿಗಷ್ಟೇ. ಪದನಿಮಿತ್ತ ಸದಸ್ಯರಿದ್ದರೆ, ಅಂದರೆ ಬೇರೊಂದು ಹುದ್ದೆಯ ಕಾರಣಕ್ಕೇ ಮಂಡಳಿಗೆ ಬಂದವರಿದ್ದರೆ, ಅವರೂ ಪೂರ್ಣ ಸದಸ್ಯರೇ, ಮತವೂ ಉಂಟು. ಮಾಜಿ ಅಧ್ಯಕ್ಷರಿಗೆ ಬೈಲಾ ಜಾಗ ಕೊಡದಿದ್ದರೆ ಅವರೂ ಹೊರಗಿನವರೇ. ಇದನ್ನು ಅವರಿಗೆ ಹೇಳುವುದು ನನ್ನ ವೃತ್ತಿಯ ಅತಿ ಕಷ್ಟದ ಕೆಲಸ.

ಹೊರಗಿನವರನ್ನು ಒಳಗೆ ಕೂರಿಸಿಕೊಳ್ಳಲು ಮಂಡಳಿಗೆ ಬಹುಮತ ಸಾಕು. ಹಾಗೆ ಕುಳಿತವರನ್ನು ಯಾವ ಗಳಿಗೆಯಲ್ಲಾದರೂ ಹೊರಗೆ ಕಳುಹಿಸಬಹುದು. ಅಂದು ಹಾಗೆಯೇ ಆಯಿತು: ಯುಗಾದಿ ಕಾರ್ಯಕ್ರಮದ ಖರ್ಚಿನ ಚರ್ಚೆ ಮುಗಿಯುವವರೆಗೆ ಹಿರಿಯರು ಕುಳಿತಿದ್ದರು, ಸದಸ್ಯರೊಬ್ಬರ ಮೇಲಿನ ದೂರು ಬಂದಾಗ ಎದ್ದು ಹೋದರು.

ಹೋಗುವಾಗ ಅವರೆಂದದ್ದು ನ್ಯಾಯವಾಗಿಯೇ ಇತ್ತು: “ನಮ್ಮ ಮನೆಮಾಲೀಕರ ಸಂಘದ ಮಂಡಳಿ ಸಭೆಗೆ ನಾನು ಪ್ರತಿ ಸಲ ಹೋಗುತ್ತೇನೆ, ಯಾರೂ ತಡೆಯುವುದಿಲ್ಲ.” ತಡೆಯುವಂತಿಲ್ಲ. ಅಂಥ ಸಂಘಗಳಿಗೆ ಈ ರಾಜ್ಯದಲ್ಲಿ ಡೇವಿಸ್-ಸ್ಟರ್ಲಿಂಗ್ ಕಾಯ್ದೆ ಇದೆ. ಮಂಡಳಿಯ ಮಾಮೂಲಿ ಸಭೆಗೆ ನಾಲ್ಕು ದಿನ ಮೊದಲೇ ಸೂಚನೆ ಕೊಡಬೇಕು, ಸದಸ್ಯರನ್ನು ಒಳಗೆ ಬಿಡಬೇಕು, ಮಾತನಾಡಲು ಸಮಯ ಕೊಡಬೇಕು. ಮೊಕದ್ದಮೆ, ಶಿಸ್ತುಕ್ರಮ, ನೌಕರರ ವಿಷಯದಂಥವಕ್ಕೆ ಮಾತ್ರ ಬಾಗಿಲು ಮುಚ್ಚಬಹುದು. ಕಾಯ್ದೆಯ ಮುಂದೆ ಬೈಲಾ ನಿಲ್ಲದು, ಬೈಲಾದ ಮುಂದೆ ರಾಬರ್ಟ್ ನಿಲ್ಲರು.

ಈ ಶ್ರೇಣಿಯಿಂದ ಹಿರಿಯರಿಗೂ ಒಂದು ಲಾಭವಿತ್ತು. ಮಂಡಳಿಯ ನಡಾವಳಿ ಮಂಡಳಿಯವರಿಗಷ್ಟೇ ಎನ್ನುತ್ತಾರೆ ರಾಬರ್ಟ್. ಆದರೆ ಮತದ ಹಕ್ಕಿರುವ ಸದಸ್ಯರು ತಮ್ಮ ಸದಸ್ಯತ್ವಕ್ಕೆ ಸಂಬಂಧಿಸಿದ ಕಾರಣ ಕೊಟ್ಟು ಲಿಖಿತವಾಗಿ ಕೇಳಿದರೆ ತೋರಿಸಬೇಕೆಂದು ಕ್ಯಾಲಿಫೋರ್ನಿಯಾದ ಕಾನೂನು ಹೇಳುತ್ತದೆ. ಇದನ್ನು ಅವರಿಗೆ ತಿಳಿಸಿದೆ. ಮಾರನೆಯ ವಾರವೇ ಪತ್ರ ಬಂತು. ಕಾರ್ಯದರ್ಶಿ ಆ ಸಭೆಯ ನಡಾವಳಿಯನ್ನು ಇನ್ನೂ ಬರೆದೇ ಇರಲಿಲ್ಲ.