ಆ ಗಿಟಾರ್ ಶ್ರುತಿ ತಪ್ಪಿದೆಯಾ?

ಪ್ರಶ್ನೆ: ಫ್ರಾನ್ಸಿನ ಪ್ಲೆಬಿಯನ್ ಗ್ರ್ಯಾಂಡ್‌ಸ್ಟ್ಯಾಂಡ್ ಬ್ಯಾಂಡಿನ ‘ಫಾಲ್ಸ್ ಹೈಸ್, ಟ್ರೂ ಲೋಸ್’ ಆಲ್ಬಮ್ ಕೇಳಿದೆ. ತಲೆನೋವು ಬಂತು. ಗಿಟಾರ್ ಶ್ರುತಿ ಮಾಡದೆ ನುಡಿಸಿದ್ದಾರಾ, ಬೇಕಂತಲೇ ಹೀಗಾ?

ಬೇಕಂತಲೇ. ಶ್ರುತಿ ಸರಿಯಾಗಿಯೇ ಇದೆ. ಬ್ಲ್ಯಾಕ್ ಮೆಟಲ್ (ಬಿರುಸಿನ ಡ್ರಮ್ಸ್, ಕರ್ಕಶ ಗಿಟಾರಿನ ಕತ್ತಲೆ ಛಾಯೆಯ ಮೆಟಲ್ ಸಂಗೀತ) ಕಡೆಗೆ ಹೊಸದಾಗಿ ಬಂದವರು ಬಹಳ ಜನ ಇದನ್ನೇ ಕೇಳುತ್ತಾರೆ, ನಾನೂ ಮೊದಲ ಸಲ ಇಂಥದ್ದು ಕೇಳಿದಾಗ ಇಯರ್‌ಫೋನ್ ಕೆಟ್ಟಿದೆ ಅಂದುಕೊಂಡು ವೈರ್ ತಿರುಚಿ ನೋಡಿದ್ದೆ.

ಶ್ರುತಿ ತಪ್ಪುವುದು ಬೇರೆ, ಸ್ವರಗಳು ಜಗಳ ಆಡುವುದು ಬೇರೆ. ತಂಬೂರಿ ಶ್ರುತಿ ಮಾಡುವುದನ್ನು ನೋಡಿದ್ದೀರಲ್ಲ. ಎರಡು ತಂತಿ ಒಂದೇ ಸ್ವರಕ್ಕೆ ಬರುವ ಮುಂಚೆ ನಾದ ‘ವೊವ್ ವೊವ್’ ಅಂತ ಅಲೆಯುತ್ತದೆ, ಹತ್ತಿರ ಬಂದ ಹಾಗೆ ಅಲೆ ನಿಧಾನವಾಗಿ ಕೊನೆಗೆ ನಿಂತುಹೋಗುತ್ತದೆ. ಈಗ ಕೀಬೋರ್ಡಿನಲ್ಲಿ ಒಂದು ಬಿಳಿ ಮನೆ, ಅದರ ಪಕ್ಕದ ಕಪ್ಪು ಮನೆ, ಎರಡನ್ನೂ ಒಟ್ಟಿಗೆ ಒತ್ತಿ ಹಿಡಿಯಿರಿ. ಷಡ್ಜ, ಶುದ್ಧ ರಿಷಭ ಒಟ್ಟಿಗೆ ಮೊಳಗಿದ ಹಾಗೆ. ಒಂದು ಸ್ವರ ಸೆಕೆಂಡಿಗೆ 220 ಸಲ ಕಂಪಿಸಿದರೆ ಪಕ್ಕದ್ದು ಸುಮಾರು 233 ಸಲ. ವ್ಯತ್ಯಾಸ 13. ಅಂದರೆ ಸೆಕೆಂಡಿಗೆ 13 ಸಲ ಆ ಅಲೆ. ಅಷ್ಟು ಬೇಗ ಬಂದಾಗ ಕಿವಿಗೆ ಅದು ಅಲೆಯಾಗಿ ಕೇಳುವುದಿಲ್ಲ, ಒರಟಾಗಿ ಕೇಳುತ್ತದೆ, ಮರಳು ಕಾಗದ ಉಜ್ಜಿದ ಹಾಗೆ. ಎರಡು ಸ್ವರವೂ ತಮ್ಮ ತಮ್ಮ ಜಾಗದಲ್ಲಿ ಸರಿಯಾಗಿಯೇ ಇವೆ, ತಪ್ಪು ಯಾರದ್ದೂ ಅಲ್ಲ.

ಇದಕ್ಕೆ ಡಿಸ್ಟಾರ್ಷನ್, ಅಂದರೆ ಎಲೆಕ್ಟ್ರಿಕ್ ಗಿಟಾರಿನ ಆ ಒಡೆದ ಕರಕರ ಶಬ್ದ, ಸೇರಿಸಿ. ಇಲ್ಲೇ ಮಜಾ ಇರುವುದು. ಆ್ಯಂಪನ್ನು ಜಾಸ್ತಿ ಒತ್ತಿದಾಗ ಅದು ಎರಡು ಸ್ವರವನ್ನು ಹಾಗೇ ಜೋರು ಮಾಡಿ ಸುಮ್ಮನಿರುವುದಿಲ್ಲ, ಅವುಗಳ ಮೊತ್ತ, ವ್ಯತ್ಯಾಸಗಳಿಂದ ಹೊಸ ಕಂಪನ ಹುಟ್ಟಿಸುತ್ತದೆ. 220, 233 ಒಳಗೆ ಹೋದರೆ ಎರಡೂ ಕೂಡಿ 453 ಬರುತ್ತದೆ, ಒಂದರ ಎರಡರಷ್ಟರಿಂದ ಇನ್ನೊಂದನ್ನು ಕಳೆದು 207 ಬರುತ್ತದೆ, 246 ಬರುತ್ತದೆ. ನೀವು ಕರೆದದ್ದು ಇಬ್ಬರು ನೆಂಟರನ್ನು, ಬಂದದ್ದು ಇಡೀ ಊರು. ರಾಕ್, ಮೆಟಲ್ ಗಿಟಾರಿಸ್ಟರು ಸಾಮಾನ್ಯವಾಗಿ ಸ–ಪ ಜೋಡಿಗೆ ಅಂಟಿಕೊಳ್ಳುವುದು ಅದಕ್ಕೇ. ಸ ಎರಡು ಸಲ ಕಂಪಿಸುವಷ್ಟರಲ್ಲಿ ಪ ಮೂರು ಸಲ. ಇಲ್ಲಿ ಹುಟ್ಟುವ ಮರಿಗಳೆಲ್ಲ ಅದೇ ಕುಟುಂಬಕ್ಕೆ ಸೇರುತ್ತವೆ, ಹಾಗಾಗಿ ಎಷ್ಟೇ ಗದ್ದಲ ಇದ್ದರೂ ಶಬ್ದ ಗಟ್ಟಿಯಾಗಿ ನಿಲ್ಲುತ್ತದೆ. ಈ ಬ್ಯಾಂಡಿನವರು ಆ ಸುರಕ್ಷಿತ ಜೋಡಿಯನ್ನು ಬಿಟ್ಟು ಅರ್ಧ ಸ್ವರದ ಜೋಡಿಯನ್ನೂ, ಸ ಜೊತೆ ಪ್ರತಿ ಮಧ್ಯಮವನ್ನೂ ಹುಡುಕಿಕೊಂಡು ಹೋಗುತ್ತಾರೆ.

ಪಕ್ಕಪಕ್ಕದ ಸ್ವರ ನಮಗೇನೂ ಹೊಸದಲ್ಲ. ಕರ್ನಾಟಕ ಸಂಗೀತದ 72 ಮೇಳಗಳಲ್ಲಿ 40 ವಿವಾದಿ ಮೇಳಗಳು, ಅಂದರೆ ಒಂದಕ್ಕೊಂದು ತೀರಾ ಹತ್ತಿರ ಇದ್ದು ಜಗಳ ಆಡುವ ಸ್ವರಗಳಿರುವವು. ಕಛೇರಿ ಶುರುವಿಗೆ ಹಾಡುವ ನಾಟ ಕೂಡ ವಿವಾದಿ ಸ್ವರದ ರಾಗವೇ. ಆದರೆ ಅಲ್ಲಿ ಸ್ವರಗಳು ಒಂದರ ಹಿಂದೆ ಒಂದು ಬರುತ್ತವೆ. ಇಲ್ಲಿ ಒಂದೇ ಬಾಗಿಲಲ್ಲಿ ಇಬ್ಬರೂ ಒಟ್ಟಿಗೆ ನುಗ್ಗುತ್ತಾರೆ.

ಸರಿ, ಈ ಅಭ್ಯಾಸ ಎಲ್ಲಿಂದ ಬಂತು? ನಾರ್ವೆಯ ವೇದ್ ಬುವೆನ್ಸ್ ಎಂಡೆ ಬ್ಯಾಂಡ್ 1995ರಲ್ಲೇ ಬ್ಲ್ಯಾಕ್ ಮೆಟಲ್ ಒಳಗೆ ಇಂಥ ಅಪಸ್ವರದ ಕಾರ್ಡುಗಳನ್ನು (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ತಂದಿತ್ತು. ದೊಡ್ಡ ಮಟ್ಟದಲ್ಲಿ ದಾರಿ ಮಾಡಿದ್ದು ಫ್ರಾನ್ಸಿನ ಡೆತ್‌ಸ್ಪೆಲ್ ಒಮೇಗಾ, 2004, 2007, 2010ರಲ್ಲಿ ಬಂದ ಅವರ ಮೂರು ಆಲ್ಬಮ್‌ಗಳು. ಆಮೇಲೆ ಈ ಶೈಲಿ ಹಿಡಿದವರಲ್ಲಿ ಎಷ್ಟೋ ಜನರದ್ದು ನನಗೆ ಬರೀ ನಕಲು ಅನಿಸುತ್ತದೆ.

ಪ್ಲೆಬಿಯನ್ ಗ್ರ್ಯಾಂಡ್‌ಸ್ಟ್ಯಾಂಡ್ ಹಾಗನಿಸದಿರುವುದಕ್ಕೆ ಕಾರಣ ಹಾರ್ಡ್‌ಕೋರ್. ತುಲೂಸ್ ನಗರದ ಈ ಬ್ಯಾಂಡು ಹಾರ್ಡ್‌ಕೋರಿನಿಂದಲೇ ಶುರುವಾದದ್ದು, 2010ರ ಮೊದಲ ಆಲ್ಬಮ್ ಕೇಳಿದರೆ ಗೊತ್ತಾಗುತ್ತದೆ. 1980ರ ಆಸುಪಾಸು ಲಾಸ್ ಏಂಜಲೀಸ್, ವಾಷಿಂಗ್ಟನ್ ಕಡೆ ಪಂಕ್ ರಾಕ್ ಹುಡುಗರು ಕಟ್ಟಿದ ಸಂಗೀತ ಈ ಹಾರ್ಡ್‌ಕೋರ್: ಚಿಕ್ಕ ಹಾಡು, ಗಂಟಲು ಹರಿಯುವ ಕೂಗು, ಅಲಂಕಾರ ಇಲ್ಲ. ಬ್ಲ್ಯಾಕ್ ಮೆಟಲ್ ಸಾಮಾನ್ಯವಾಗಿ ದೂರದ ಕಾಡಿನಿಂದ, ಮಂಜಿನ ಆಚೆಯಿಂದ ಕೇಳಿಸುತ್ತದೆ. ಹಾರ್ಡ್‌ಕೋರ್ ನಿಮ್ಮ ಮುಖದ ಮುಂದೆ ನಿಂತು ಕೂಗುತ್ತದೆ. 2016ರ ಈ ಆಲ್ಬಮ್ಮಿನಲ್ಲಿ ಡ್ರಮ್ಸ್ ಬ್ಲ್ಯಾಕ್ ಮೆಟಲ್ ವೇಗದಲ್ಲಿ ಓಡುತ್ತವೆ, ಆದರೆ ಆ ಕೂಗು, ಆ ನೇರ ತಳ್ಳಾಟ ಹಾರ್ಡ್‌ಕೋರಿನದೇ. ಹಾಗಾಗಿ ಅಪಸ್ವರ ಇಲ್ಲಿ ನಿಗೂಢ ಮಂತ್ರದ ಹಾಗೆ ಕೇಳುವುದಿಲ್ಲ. ಸಿಟ್ಟಿನ ಹಾಗೆ ಕೇಳುತ್ತದೆ.

ಶ್ರುತಿ ತಾಯಿ, ಲಯ ತಂದೆ ಅಂತಾರಲ್ಲ, ಇಲ್ಲಿ ತಾಯಿ ಮುನಿಸಿಕೊಂಡಿದ್ದಾಳೆ ಅಂತಿಟ್ಟುಕೊಳ್ಳಿ. ತಂದೆಯ ಕೈ ಹಿಡಿಯಿರಿ. ಮೊದಲ ಸಲ ಗಿಟಾರ್ ಕಡೆ ಗಮನ ಕೊಡಬೇಡಿ, ವಾಲ್ಯೂಮ್ ಕಡಿಮೆ ಇಟ್ಟು ಡ್ರಮ್ಸನ್ನು ಮಾತ್ರ ಹಿಂಬಾಲಿಸಿ. ಎರಡನೇ ಸಲ ಯಾವುದಾದರೂ ಒಂದು ರಿಫ್, ಅಂದರೆ ಮತ್ತೆ ಮತ್ತೆ ಬರುವ ಗಿಟಾರಿನ ತುಣುಕು, ಹಿಡಿದುಕೊಳ್ಳಿ. ಅದು ಮತ್ತೆ ಬಂದಾಗ ಅದೇ ಜಾಗದಲ್ಲಿ, ಅಷ್ಟೇ ಪ್ರಮಾಣದಲ್ಲಿ ಉಜ್ಜುತ್ತದಾ ನೋಡಿ. ತಪ್ಪಿ ನುಡಿಸಿದವರಿಗೆ ಅದೇ ತಪ್ಪನ್ನು ಅಷ್ಟು ವೇಗದಲ್ಲಿ ಮತ್ತೆ ಮತ್ತೆ ಅಳತೆ ಹಿಡಿದು ಮಾಡಲು ಆಗಲ್ಲ, ಅಲ್ವಾ?

ತಲೆನೋವು ಹೋಗದಿದ್ದರೆ ಇದೇ ಬ್ಯಾಂಡಿನ 2021ರ ಆಲ್ಬಮ್ ‘ರಿಯಾಂ ನ ಸುಫಿ’ ಕಡೆ ಸದ್ಯಕ್ಕೆ ಹೋಗಬೇಡಿ, ಅದರಲ್ಲಿ ಗದ್ದಲ ಇನ್ನೂ ಜಾಸ್ತಿ.