ಪಕ್ಕದಲ್ಲಿ ಗಂಡ ಕೂತರೆ ನನ್ನ ಡ್ರೈವಿಂಗ್ ಯಾಕೆ ಕೆಡುತ್ತೆ?

ಪ್ರಶ್ನೆ: ಒಬ್ಬಳೇ ಇದ್ದಾಗ ಕಾರು ಚೆನ್ನಾಗಿ ಓಡಿಸುತ್ತೇನೆ. ಪಕ್ಕದಲ್ಲಿ ಯಜಮಾನರು ಕೂತರೆ ಗೇರ್ ಕೂಡ ಸರಿಯಾಗಿ ಬೀಳಲ್ಲ. ಹೆಂಗಸರಿಗೆ ಡ್ರೈವಿಂಗ್ ಒಗ್ಗಲ್ಲ ಅನ್ನೋದು ನಿಜಾನಾ?

ಉತ್ತರ: ಮತ್ತೆ ಇದೇ ಪ್ರಶ್ನೆ! ಉತ್ತರ ನಿಮ್ಮ ಮೊದಲ ಸಾಲಿನಲ್ಲೇ ಇದೆಯಲ್ಲಮ್ಮ. ಒಗ್ಗದ ವಿದ್ಯೆ ಒಬ್ಬರೇ ಇದ್ದಾಗ ಮಾತ್ರ ಹೇಗೆ ಒಗ್ಗುತ್ತದೆ?

'ಈಗ ತಪ್ಪಿದರೆ ಹೆಂಗಸರೆಲ್ಲ ಹೀಗೇ ಅಂತಾರೆ' ಎಂಬ ಅಳುಕು ಹೊಕ್ಕರೆ ಅರ್ಧ ಗಮನ ಅಲ್ಲಿಗೇ ಹೋಗುತ್ತದೆ. ಕ್ಲಚ್ಚು, ಗೇರು ಕೈಕಾಲಿಗೆ ರೂಢಿಯಾದ ಕೆಲಸ. ಯೋಚಿಸಿ ಮಾಡಲು ಹೋದರೆ ಎಡವಟ್ಟಾಗುತ್ತದೆ. 2008ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಹೆಂಗಸರನ್ನು ಪರದೆಯ ಮೇಲೆ ರಸ್ತೆ ತೋರಿಸುವ ನಕಲಿ ಕಾರು, ಅಂದರೆ ಸಿಮ್ಯುಲೇಟರ್‌ನಲ್ಲಿ ಕೂರಿಸಿ ನೋಡಿದರು. 'ಗಂಡಸರು ಯಾಕೆ ಚೆನ್ನಾಗಿ ಓಡಿಸುತ್ತಾರೆ ಅಂತ ತಿಳಿಯಲು ಈ ಪರೀಕ್ಷೆ' ಎಂದು ಕೆಲವರಿಗೆ ಮೊದಲೇ ಹೇಳಿದ್ದರು. ಅಡ್ಡ ಬಂದ ಪಾದಚಾರಿಗೆ ಅವರು ಗುದ್ದುವ ಸಂಭವ ಉಳಿದವರಿಗಿಂತ ಎರಡು ಪಟ್ಟು ಜಾಸ್ತಿಯಾಯಿತು. ಒಂದು ಮಾತಿಗೆ ಇಷ್ಟು! ಚಿಕ್ಕ ಪ್ರಯೋಗ, ಅದೇ ವೇದವಾಕ್ಯವಲ್ಲ. ಆದರೂ ನಿಮ್ಮ ಗೇರಿನ ಕಥೆಗೆ ಸರಿಯಾಗಿ ಹೊಂದುತ್ತದೆ.

ಇನ್ನು ಆ ಹಳೇ ಪಲ್ಲವಿ, 'ಅಪಘಾತ ಮಾಡೋರೇ ಹೆಂಗಸರು'. ಅಮೆರಿಕದ ಲೆಕ್ಕ ನೋಡಿ. ಜೀವ ಹೋಗುವಂಥ ಅಪಘಾತಗಳಲ್ಲಿ ಗಂಡು ಚಾಲಕರೇ ಜಾಸ್ತಿ. 'ಅವರು ಜಾಸ್ತಿ ದೂರ ಓಡಿಸ್ತಾರೆ, ಅದಕ್ಕೇ' ಅಂತೀರಾ? ಓಡಿಸಿದ ದೂರಕ್ಕೆ ಭಾಗಿಸಿದರೂ ಅವರೇ ಮುಂದೆ. ಅತಿವೇಗ, ಕುಡಿತ, ಬೆಲ್ಟ್ ಹಾಕದಿರುವುದು, ಎಲ್ಲದರಲ್ಲೂ ಅವರದೇ ಮೇಲುಗೈ. ಯುರೋಪಿನ ಹಲವು ಇನ್ಶೂರೆನ್ಸ್ ಕಂಪನಿಗಳು ಹರೆಯದ ಹುಡುಗಿಯರಿಗೆ ಹುಡುಗರಿಗಿಂತ ಕಡಿಮೆ ಪ್ರೀಮಿಯಂ ಹಾಕುತ್ತಿದ್ದವು. ಕೋರ್ಟ್ ಆದೇಶದಿಂದ ಅದು ನಿಂತಿದ್ದು 2012ರ ಡಿಸೆಂಬರ್‌ನಲ್ಲಿ. ಇನ್ಶೂರೆನ್ಸ್‌ನವರೇನು ಧರ್ಮಕ್ಕೆ ದುಡ್ಡು ಬಿಡೋರಾ?

ಮತ್ತೆ ಈ ನಂಬಿಕೆ ಯಾಕೆ ಸಾಯಲ್ಲ? ಗಂಡಸು ಅಡ್ಡಾದಿಡ್ಡಿ ನುಗ್ಗಿದರೆ 'ಯಾವನೋ ತಲೆಕೆಟ್ಟವನು' ಎಂದು ಅವನೊಬ್ಬನನ್ನೇ ಬೈಯುತ್ತೇವೆ. ಹೆಂಗಸಾದರೆ 'ನೋಡು, ಲೇಡೀಸ್' ಎನ್ನುತ್ತೇವೆ. ಲೆಕ್ಕ ತಪ್ಪುವುದೇ ಅಲ್ಲಿ.

ನೀವು ಕೇಳಲಿಲ್ಲ, ಆದರೂ ಹೇಳಿಬಿಡುತ್ತೇನೆ. ಮುಂಭಾಗಕ್ಕೆ ಡಿಕ್ಕಿಯಾದಾಗ, ಬೆಲ್ಟ್ ಹಾಕಿದ್ದರೂ, ಹೆಂಗಸರಿಗೆ ಗಂಭೀರ ಗಾಯವಾಗುವ ಸಂಭವ ಜಾಸ್ತಿ ಎಂದು 2019ರ ಒಂದು ಅಮೆರಿಕನ್ ಅಧ್ಯಯನ ಹೇಳಿತು. ಕಾರು ಎಷ್ಟು ಸುರಕ್ಷಿತ ಅಂತ ನೋಡುವ ಡಿಕ್ಕಿ ಪರೀಕ್ಷೆಯಲ್ಲಿ ಮನುಷ್ಯರ ಬದಲು ಕೂರಿಸುವ ಗೊಂಬೆಗಳನ್ನು ದಶಕಗಳ ಕಾಲ ಗಂಡಸಿನ ಮೈಕಟ್ಟಿಗೇ ಮಾಡುತ್ತಿದ್ದರು. 'ಹೆಣ್ಣು ಗೊಂಬೆ' ಅಂತ ಬಹುಕಾಲ ಬಳಸಿದ್ದೂ ಗಂಡು ಗೊಂಬೆಯನ್ನೇ ಕುಗ್ಗಿಸಿದ್ದು, ಎತ್ತರ ಐದಡಿಗೂ ಕಡಿಮೆ. ಯಜಮಾನರಿಗೆ ಪಕ್ಕದಲ್ಲಿ ಕೂತು ಮಾತಾಡಲೇಬೇಕು ಅನ್ನಿಸಿದರೆ ಈ ವಿಷಯ ಕೊಡಿ.