ಓದುಗರ ಪ್ರಶ್ನೆ: ಸೈನಿಕರನ್ನು ಕಳಿಸದೆ, ಆಕಾಶವನ್ನಷ್ಟೇ ಮುಚ್ಚಿ ಅಂತರ್ಯುದ್ಧ ನಿಲ್ಲಿಸಬಹುದೇ?

ಪ್ರಶ್ನೆ: ಒಂದು ದೇಶದಲ್ಲಿ ಅಂತರ್ಯುದ್ಧ ನಡೆದು ಸಾಮಾನ್ಯ ಜನ ಸಾಯುತ್ತಿದ್ದಾರೆ. ಬಲಿಷ್ಠ ದೇಶಗಳು ತಮ್ಮ ಸೈನಿಕರನ್ನು ಅಲ್ಲಿಗೆ ಕಳಿಸುವುದು ಬೇಡ. 'ಹಾರಾಟ ನಿಷೇಧ ವಲಯ' ಎಂದು ಘೋಷಿಸಿ ಆಕಾಶವನ್ನು ಮುಚ್ಚಿಬಿಟ್ಟರೆ ಸಾಲದೇ? ಇಷ್ಟು ಸಣ್ಣ ಸಹಾಯಕ್ಕೂ ಯಾಕೆ ಹಿಂದೇಟು ಹಾಕುತ್ತಾರೆ?

ಉತ್ತರ: ಸಾಲದು. ಅದು ಸಣ್ಣ ಸಹಾಯವೂ ಅಲ್ಲ. ಎಲ್ಲಿ ಅಂತರ್ಯುದ್ಧ ಹೊತ್ತಿಕೊಂಡರೂ ಈ ಪ್ರಶ್ನೆ ಬಂದೇ ಬರುತ್ತದೆ. ದೇಶದ ಹೆಸರು ಮಾತ್ರ ಬೇರೆ ಇರುತ್ತದೆ. ಎರಡು ಸಾಲಿನ ಉತ್ತರದಿಂದ ಯಾರಿಗೂ ಸಮಾಧಾನವಾಗುವುದಿಲ್ಲ ಎಂದು ಗೊತ್ತಾಗಿದೆ, ಆದ್ದರಿಂದ ಈ ಸಲ ಪೂರ್ತಿ ಬಿಡಿಸಿ ಬರೆಯುತ್ತೇನೆ.

ಪರದೇಶದ ಅಂತರ್ಯುದ್ಧಕ್ಕೆ ಸೇನೆ ಕಳಿಸಬೇಕೇ ಎಂಬ ದೊಡ್ಡ ಪ್ರಶ್ನೆಗೆ ನನ್ನ ಉತ್ತರ, ಬಹುಪಾಲು ಸಂದರ್ಭಗಳಲ್ಲಿ ಬೇಡ. ಕಳಿಸಲೇಬೇಕಾದ ಅಪರೂಪದ ಸಂದರ್ಭದಲ್ಲಿ ಮೂರು ಸಂಗತಿಗಳು ಕೈಯಲ್ಲಿರಬೇಕು: ನೆಲದ ಮೇಲೆ ನಿಲ್ಲಲು ಸಾಕಷ್ಟು ಸೈನಿಕರು, ಜನರನ್ನು ಕಾಪಾಡಲು ಗುಂಡು ಹಾರಿಸುವ ಸ್ಪಷ್ಟ ಅಧಿಕಾರ, ಯುದ್ಧ ನಿಂತ ಮರುದಿನ ಆಡಳಿತ ಯಾರದು ಎಂಬುದಕ್ಕೆ ಒಂದು ಉತ್ತರ. ಇವುಗಳಲ್ಲಿ ಒಂದಿಲ್ಲದಿದ್ದರೂ ಹೊರಡಬಾರದು. 'ವಿಮಾನ ಮಾತ್ರ ಸಾಕು' ಎನ್ನುವವರು ಮೂರನ್ನೂ ಒಟ್ಟಿಗೆ ತಪ್ಪಿಸಿಕೊಳ್ಳಲು ನೋಡುತ್ತಾರೆ. ಆ ಸಲಹೆ ಅಷ್ಟು ಜನಪ್ರಿಯವಾಗಿರುವುದೂ ಅದಕ್ಕೇ.

ಈಗ ಆ ತಪ್ಪು ನಂಬಿಕೆಗೆ ಬರೋಣ. ಘೋಷಣೆಯಿಂದ ಆಕಾಶ ಮುಚ್ಚುವುದಿಲ್ಲ. ನಿಮ್ಮ ವಿಮಾನಗಳು ಅಲ್ಲಿ ಹಗಲೂ ರಾತ್ರಿ ಸುತ್ತಬೇಕಾದರೆ, ಅವುಗಳನ್ನು ಹೊಡೆದುರುಳಿಸಬಲ್ಲ ರಾಡಾರ್‌ಗಳನ್ನೂ ಕ್ಷಿಪಣಿಗಳನ್ನೂ ಮೊದಲು ನಾಶ ಮಾಡಬೇಕು. ಅಂದರೆ ಮೊದಲ ಹೆಜ್ಜೆಯೇ ಬಾಂಬ್ ದಾಳಿ. ಅಂತರ್ಯುದ್ಧದಲ್ಲಿದ್ದ ಲಿಬಿಯಾದ ಆಕಾಶ ಮುಚ್ಚುವ ಚರ್ಚೆ ನಡೆಯುತ್ತಿದ್ದಾಗ ಅಮೆರಿಕದ ಅಂದಿನ ರಕ್ಷಣಾ ಕಾರ್ಯದರ್ಶಿ ರಾಬರ್ಟ್ ಗೇಟ್ಸ್ ತಮ್ಮ ಸಂಸತ್ತಿನ ಮುಂದೆ ಇದನ್ನೇ ಹೇಳಿದ್ದರು. 2011ರ ಮಾರ್ಚ್ 19ರಂದು ಹಾಗೇ ಆಯಿತು: ಮೊದಲ ದಿನವೇ ಅಮೆರಿಕ ಮತ್ತು ಬ್ರಿಟನ್‌ನ ಹಡಗು, ಜಲಾಂತರ್ಗಾಮಿಗಳಿಂದ 110ಕ್ಕೂ ಹೆಚ್ಚು ಟೊಮಾಹಾಕ್ ಕ್ಷಿಪಣಿಗಳು ಹಾರಿದವು. ಒಂದೇ ಜಾಗದಲ್ಲಿ ನಿಂತಿರುವ ರಾಡಾರ್ ಹೀಗೆ ಸಿಕ್ಕಿಬೀಳುತ್ತದೆ. ಗಾಡಿಯ ಮೇಲೆ ಕೂರಿಸಿದ ಕ್ಷಿಪಣಿ ಸಿಗುವುದಿಲ್ಲ. ಅದು ತನ್ನ ರಾಡಾರ್ ಆಫ್ ಮಾಡಿಕೊಂಡು ಮರಗಳ ಮರೆಯಲ್ಲೋ ಊರಿನ ನಡುವೆಯೋ ಕಾಯುತ್ತದೆ, ಗುರಿ ಹತ್ತಿರ ಬಂದಾಗ ಕೆಲವೇ ಸೆಕೆಂಡು ರಾಡಾರ್ ಹಚ್ಚಿ ಹೊಡೆದು ಜಾಗ ಬದಲಿಸುತ್ತದೆ. ಅಂತರ್ಯುದ್ಧದಲ್ಲಿದ್ದ ಬಾಸ್ನಿಯಾದ ಮೇಲೆ ಪಾಶ್ಚಾತ್ಯ ಸೇನಾ ಕೂಟ ನ್ಯಾಟೊದ ಕಾವಲು ಶುರುವಾಗಿ ಎರಡು ವರ್ಷ ಕಳೆದ ಮೇಲೆ, 1995ರ ಜೂನ್ 2ರಂದು ಅಮೆರಿಕದ ಎಫ್-16 ಯುದ್ಧವಿಮಾನವೊಂದನ್ನು ಉರುಳಿಸಿದ್ದು ಇಂಥದೇ ಕ್ಷಿಪಣಿ. ಪೈಲಟ್ ಆರು ದಿನ ಕಾಡಿನಲ್ಲಿ ಅಡಗಿದ್ದ. ಅವನನ್ನು ಹೊರತರಲು ಹೆಲಿಕಾಪ್ಟರ್‌ಗಳಲ್ಲಿ ಮೆರೀನ್ ಸೈನಿಕರು ನೆಲಕ್ಕೆ ಇಳಿಯಲೇಬೇಕಾಯಿತು.

ಇನ್ನು ಲೆಕ್ಕ. ಒಂದು ಜೋಡಿ ಯುದ್ಧವಿಮಾನ ಆಕಾಶದಲ್ಲೇ ಇಂಧನ ತುಂಬಿಸಿಕೊಂಡು ನಾಲ್ಕು ಗಂಟೆ ಕಾವಲು ನಿಲ್ಲುತ್ತದೆ ಎಂದಿಟ್ಟುಕೊಳ್ಳಿ. ದಿನಕ್ಕೆ ಆರು ಪಾಳಿ, ಹನ್ನೆರಡು ಹಾರಾಟ. ನೆಲೆಯಿಂದ ಹೋಗಿ ಬರಲು ತಲಾ ಒಂದು ಗಂಟೆ ಸೇರಿಸಿದರೆ ಪೈಲಟ್ ಆರು ಗಂಟೆ ಇಕ್ಕಟ್ಟಾದ ಆಸನದಲ್ಲಿ ಕೂತಿರುತ್ತಾನೆ. ಅವನನ್ನು ಅದೇ ದಿನ ಮತ್ತೆ ಕಳಿಸುವಂತಿಲ್ಲ, ವಿಮಾನಕ್ಕೂ ತಪಾಸಣೆ ಬೇಕು. ನಾಲ್ಕರಲ್ಲೊಂದು ವಿಮಾನ ರಿಪೇರಿಯಲ್ಲಿದೆ ಎಂದು ಹಿಡಿದರೆ, ಒಂದೇ ಒಂದು ಕಾವಲು ಜಾಗಕ್ಕೆ ಸುಮಾರು 16 ವಿಮಾನ ಬೇಕಾಯಿತು. ದೊಡ್ಡ ದೇಶಕ್ಕೆ ಅಂಥ ಮೂರು ನಾಲ್ಕು ಜಾಗ. ಇದರ ಮೇಲೆ ಇಂಧನ ತುಂಬಿಸುವ ಟ್ಯಾಂಕರ್‌ಗಳು, ದೂರದಿಂದಲೇ ಪತ್ತೆ ಹಚ್ಚುವ ಏವಾಕ್ಸ್ ರಾಡಾರ್ ವಿಮಾನ, ಶತ್ರು ರಾಡಾರನ್ನು ಕೆಡಿಸುವ ಜ್ಯಾಮರ್ ವಿಮಾನ, ಬಿದ್ದ ಪೈಲಟ್‌ನನ್ನು ಎತ್ತಿ ತರುವ ತಂಡ. ಏವಾಕ್ಸ್ ಒಂದನ್ನೇ ದಿನವಿಡೀ ಮೇಲಿಡಲು ನಾಲ್ಕೈದು ಬೇಕಾಗುತ್ತವೆ. ಅಷ್ಟನ್ನು ಒಟ್ಟುಗೂಡಿಸಬಲ್ಲ ದೇಶಗಳು ಕಡಿಮೆ. ನೆಲೆಗೆ ನೆರೆಯ ದೇಶದ ಒಪ್ಪಿಗೆಯೂ ಬೇಕು. ಸದ್ದಾಂ ಹುಸೇನ್‌ನ ಸೇನೆಯಿಂದ ಕುರ್ದ್ ಜನರನ್ನು ಕಾಪಾಡಲು ಉತ್ತರ ಇರಾಕ್‌ನ ಆಕಾಶಕ್ಕೆ ಹಾಕಿದ್ದ ಕಾವಲು ನಡೆದದ್ದು ಟರ್ಕಿಯ ಇಂಜಿರ್ಲಿಕ್ ನೆಲೆಯಿಂದ, ಅದಕ್ಕೆ ಟರ್ಕಿಯ ಸಂಸತ್ತು ಆರಾರು ತಿಂಗಳಿಗೊಮ್ಮೆ ಒಪ್ಪಿಗೆ ನವೀಕರಿಸುತ್ತಿತ್ತು.

ಇಷ್ಟೆಲ್ಲ ಮಾಡಿದ ಮೇಲೆ ಆಕಾಶದಲ್ಲಿ ಕಂಡದ್ದು ಯಾರ ವಿಮಾನ ಎಂದು ಗುರುತಿಸಬೇಕು. 1994ರ ಏಪ್ರಿಲ್ 14ರಂದು ಉತ್ತರ ಇರಾಕ್‌ನ ನಿಷೇಧ ವಲಯದಲ್ಲಿ ಅಮೆರಿಕದ ಎರಡು ಎಫ್-15ಗಳು ಅಮೆರಿಕದ್ದೇ ಎರಡು ಬ್ಲ್ಯಾಕ್ ಹಾಕ್ ಹೆಲಿಕಾಪ್ಟರ್‌ಗಳನ್ನು ಇರಾಕಿನವು ಎಂದು ಭಾವಿಸಿ ಉರುಳಿಸಿದವು. ಇಪ್ಪತ್ತಾರು ಜನ ಸತ್ತರು. ಮೇಲೆ ಏವಾಕ್ಸ್ ಇತ್ತು, ಹವೆ ಚೆನ್ನಾಗಿತ್ತು. ಗುರುತಿಸಿದ ಮೇಲೂ ಎಚ್ಚರಿಕೆ ಕೊಟ್ಟು, ಅನುಮತಿ ಪಡೆದು ಹೊಡೆಯುವ ಹೊತ್ತಿಗೆ ಕೆಲಸ ಮುಗಿದಿರಬಹುದು. 1994ರ ಫೆಬ್ರವರಿ 28ರಂದು ನ್ಯಾಟೊ ಬಾಸ್ನಿಯಾದಲ್ಲಿ ನಾಲ್ಕು ಸರ್ಬ್ ದಾಳಿ ವಿಮಾನಗಳನ್ನು ಉರುಳಿಸಿತು. ಅದು ನ್ಯಾಟೊ ಇತಿಹಾಸದ ಮೊದಲ ಕಾದಾಟ. ಅಷ್ಟರಲ್ಲಿ ಆ ವಿಮಾನಗಳು ನೋವಿ ಟ್ರಾವ್ನಿಕ್‌ನ ಕಾರ್ಖಾನೆಯ ಮೇಲೆ ಬಾಂಬ್ ಹಾಕಿಯಾಗಿತ್ತು.

ಇದೆಲ್ಲ ಖರ್ಚಿನ ಮಾತು. ಖರ್ಚಾದರೂ ಜೀವ ಉಳಿಯುವುದಾದರೆ ಆಗಲಿ ಎನ್ನಬಹುದು. ನಾನೂ ಹಾಗೆಯೇ ಎನ್ನುತ್ತೇನೆ. ಜೀವ ಉಳಿಯುತ್ತದೆಯೇ ಎಂಬಲ್ಲೇ ಈ ನಂಬಿಕೆ ಪೂರಾ ಕುಸಿಯುತ್ತದೆ. ಅಂತರ್ಯುದ್ಧದಲ್ಲಿ ಜನರನ್ನು ಕೊಲ್ಲುವುದು ಹೆಚ್ಚಾಗಿ ವಿಮಾನವಲ್ಲ. ಫಿರಂಗಿ, ಮಾರ್ಟರ್, ಬಂದೂಕು, ರಸ್ತೆಗೆ ಅಡ್ಡ ಹಾಕಿದ ತಪಾಸಣಾ ಗೇಟು, ಹಸಿವು, ರೋಗ. ಬಾಸ್ನಿಯಾದ ಆಕಾಶ 1993ರ ಏಪ್ರಿಲ್ 12ರಿಂದ ನ್ಯಾಟೊ ಕಾವಲಿನಲ್ಲಿತ್ತು. ಸ್ರೆಬ್ರೆನಿತ್ಸವನ್ನು ವಿಶ್ವಸಂಸ್ಥೆ ಅದೇ ತಿಂಗಳು 'ಸುರಕ್ಷಿತ ಪ್ರದೇಶ' ಎಂದು ಘೋಷಿಸಿತ್ತು. 1995ರ ಜುಲೈನಲ್ಲಿ ಆ ಮುಚ್ಚಿದ ಆಕಾಶದ ಕೆಳಗೇ ಸರ್ಬ್ ಪಡೆಗಳು ಸುಮಾರು 8,000 ಬಾಸ್ನಿಯಾಕ್ (ಬಾಸ್ನಿಯಾದ ಮುಸ್ಲಿಂ) ಗಂಡಸರನ್ನೂ ಹುಡುಗರನ್ನೂ ಬಸ್ಸು ಲಾರಿಗಳಲ್ಲಿ ತುಂಬಿ ಒಯ್ದು, ಸಾಲಾಗಿ ನಿಲ್ಲಿಸಿ ಕೊಂದರು. ಸುರಕ್ಷಿತ ಪ್ರದೇಶಗಳನ್ನು ಕಾಯಲು 34,000 ಸೈನಿಕರು ಬೇಕು ಎಂದು ವಿಶ್ವಸಂಸ್ಥೆಯ ಅಧಿಕಾರಿಗಳು ಮೊದಲೇ ಅಂದಾಜು ಕೊಟ್ಟಿದ್ದರು. ಸದಸ್ಯ ದೇಶಗಳು ಒಪ್ಪಿದ್ದು ಸುಮಾರು 7,600ಕ್ಕೆ. ಈ ಎರಡು ಸಂಖ್ಯೆಗಳ ನಡುವಿನ ಅಂತರವನ್ನು ಯಾವ ಎಫ್-16 ಕೂಡ ತುಂಬಲಾರದು.

ರುವಾಂಡ ನೋಡಿ. 1994ರಲ್ಲಿ ನೂರು ದಿನಗಳಲ್ಲಿ ಸುಮಾರು 8 ಲಕ್ಷ ಜನರ ಹತ್ಯೆಯಾಯಿತು, ಮಚ್ಚು, ದೊಣ್ಣೆ, ಬಂದೂಕುಗಳಿಂದ. ಆಕಾಶ ಮುಚ್ಚಿದ್ದರೂ ಅದರಿಂದ ಒಂದು ಜೀವವನ್ನೂ ಉಳಿಸಲಾಗುತ್ತಿರಲಿಲ್ಲ. ಅಲ್ಲಿ ಬೇಕಿದ್ದದ್ದು ನೆಲದ ಮೇಲಿನ ಸೈನಿಕರು. ಭದ್ರತಾ ಮಂಡಳಿ ಅದೇ ಏಪ್ರಿಲ್ 21ರಂದು, ಹತ್ಯೆ ನಡೆಯುತ್ತಿರುವಾಗಲೇ, ಅಲ್ಲಿದ್ದ ಸುಮಾರು 2,500 ಜನರ ಪಡೆಯನ್ನು 270ಕ್ಕೆ ಇಳಿಸಲು ತೀರ್ಮಾನಿಸಿತು. ಎಂದೂ ಯಾರೂ ಮಧ್ಯಪ್ರವೇಶಿಸಬಾರದು ಎನ್ನುವವರು ಈ ತೀರ್ಮಾನವನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಬೇಕು. ನನಗೆ ಅದನ್ನು ಕ್ಷಮಿಸಲು ಆಗಿಲ್ಲ.

'ಕುರ್ದರಿಗೆ ಅನುಕೂಲವಾಯಿತಲ್ಲ?' ಎಂದು ಕೇಳುವವರಿದ್ದಾರೆ. ಆಯಿತು, ನಿಜ. ಆದರೆ 1991ರಲ್ಲಿ ಅಲ್ಲಿ ಮಿತ್ರದೇಶಗಳ ಸಾವಿರಾರು ಸೈನಿಕರು ನೆಲಕ್ಕಿಳಿದು ಇರಾಕಿ ಸೇನೆಯನ್ನು ಹಿಂದೆ ಸರಿಸಿದ್ದರು, ಅವರು ಹೋದ ಮೇಲೆ ಕುರ್ದರದೇ ಪೆಶ್ಮೆರ್ಗ ಪಡೆ ನೆಲ ಕಾಯಿತು. ಕಾವಲು ಹನ್ನೆರಡು ವರ್ಷ, 2003ರವರೆಗೆ ನಡೆಯಿತು. ಆದರೂ 1996ರ ಆಗಸ್ಟ್‌ನಲ್ಲಿ, ಕುರ್ದರ ಒಂದು ಬಣವೇ ಕರೆದಾಗ, ಸದ್ದಾಂನ ಟ್ಯಾಂಕುಗಳು ನಿಷೇಧ ವಲಯದೊಳಗಿನ ಎರ್ಬಿಲ್‌ಗೆ ನೆಲದ ಮೇಲೆ ನಡೆದುಕೊಂಡೇ ಬಂದವು. ದಕ್ಷಿಣದಲ್ಲಿ ಆಕಾಶ ಮುಚ್ಚಿದ ಮೇಲೂ ಜೌಗು ಪ್ರದೇಶದ ಜನರನ್ನು ಒಕ್ಕಲೆಬ್ಬಿಸಲು ಸದ್ದಾಂಗೆ ವಿಮಾನ ಬೇಕಾಗಲಿಲ್ಲ. ಕಾಲುವೆ, ಒಡ್ಡು ಕಟ್ಟಿ ನೀರನ್ನೇ ಬತ್ತಿಸಿದ.

ಕೊನೆಯ ವಾದ ಲಿಬಿಯಾದ್ದು. ಅಲ್ಲಿ ನಡೆದದ್ದು ಬರೀ ಹಾರಾಟ ನಿಷೇಧವಲ್ಲ. ಫ್ರಾನ್ಸ್‌ನ ವಿಮಾನಗಳು ಮೊದಲ ದಿನ ಬೆಂಗಾಜಿಯ ಬಳಿ ಹೊಡೆದದ್ದು ನೆಲದ ಮೇಲಿನ ಸೇನಾ ವಾಹನಗಳನ್ನು. ಅಕ್ಟೋಬರ್ ಕೊನೆಯ ಹೊತ್ತಿಗೆ ನ್ಯಾಟೊ ನಡೆಸಿದ ಸುಮಾರು 26,500 ಹಾರಾಟಗಳಲ್ಲಿ 9,000ಕ್ಕೂ ಹೆಚ್ಚು ದಾಳಿಯ ಉದ್ದೇಶದವು. ಆ ವಿಮಾನಗಳು ಬಂಡುಕೋರರ ವಾಯುಪಡೆಯಾಗಿಯೇ ಕೆಲಸ ಮಾಡಿದವು. ಅಧಿಕಾರ ಕೊಟ್ಟ ಭದ್ರತಾ ಮಂಡಳಿಯ 1973ನೇ ಸಂಖ್ಯೆಯ ನಿರ್ಣಯ, ವಿದೇಶಿ ಪಡೆ ಲಿಬಿಯಾದ ನೆಲವನ್ನು ಆಕ್ರಮಿಸಿಕೊಂಡು ಕೂರಕೂಡದು ಎಂದಿತ್ತು. ಭಾರತ, ಚೀನಾ, ರಷ್ಯಾ, ಬ್ರೆಜಿಲ್, ಜರ್ಮನಿ ಮತದಾನದಿಂದ ದೂರ ಉಳಿದಿದ್ದವು. ಲಿಬಿಯಾದ ಸರ್ವಾಧಿಕಾರಿ ಗಡಾಫಿ ಸತ್ತ ಮೇಲೆ ಶಸ್ತ್ರಾಗಾರಗಳಿಗೆ ಕಾವಲು ನಿಲ್ಲಲು ಯಾರೂ ಇರಲಿಲ್ಲ. ಆಯುಧಗಳು ಗಡಿ ದಾಟಿ 2012ರ ಮಾಲಿ ದಂಗೆಗೆ ಬಲ ಕೊಟ್ಟವು, 2014ರಲ್ಲಿ ಲಿಬಿಯಾದಲ್ಲೇ ಎರಡನೇ ಅಂತರ್ಯುದ್ಧ ಶುರುವಾಯಿತು.

ಹಾಗಾದರೆ ಬಾಸ್ನಿಯಾ ಯುದ್ಧ ನಿಂತದ್ದು ಹೇಗೆ? 1995ರ ಆಗಸ್ಟ್ 30ರಿಂದ ಮೂರು ವಾರ ಬಾಂಬ್ ದಾಳಿ ನಡೆಯಿತು, ಸರಿ. ಆದರೆ ಅದೇ ತಿಂಗಳು ಕ್ರೊಯೇಷಿಯಾದ ಸೇನೆ ನೆಲದ ಮೇಲೆ ಸರ್ಬ್ ಪಡೆಗಳನ್ನು ಹಿಮ್ಮೆಟ್ಟಿಸಿತ್ತು, ರಾಜಧಾನಿ ಸರಾಯೆವೊ ಬಳಿಯ ಇಗ್ಮಾನ್ ಬೆಟ್ಟದ ಮೇಲೆ ವಿಶ್ವಸಂಸ್ಥೆಯ ಕ್ಷಿಪ್ರ ಪಡೆಯ ಫಿರಂಗಿಗಳಿದ್ದವು, ಒಪ್ಪಂದವಾದ ಮೇಲೆ ಅದನ್ನು ಜಾರಿ ಮಾಡಲು ಸುಮಾರು 60,000 ಸೈನಿಕರು ಬಂದರು.

ಯಾರೂ ಕೇಳದ, ಆದರೆ ಕೇಳಬೇಕಾದ ಇನ್ನೊಂದು ಪ್ರಶ್ನೆ ಇದೆ: ಆ ದೇಶದ ಸರ್ಕಾರವೇ ಕರೆದರೆ? ಕಾನೂನಿನ ದೃಷ್ಟಿಯಲ್ಲಿ ಇದು ಸುಲಭದ ದಾರಿ. ವಿಶ್ವಸಂಸ್ಥೆಯ ಸನ್ನದಿನ 2(4)ನೇ ವಿಧಿ ಬಲಪ್ರಯೋಗವನ್ನು ನಿಷೇಧಿಸುತ್ತದೆ. ಭದ್ರತಾ ಮಂಡಳಿಯ ಅನುಮತಿ, 51ನೇ ವಿಧಿಯ ಆತ್ಮರಕ್ಷಣೆ ಬಿಟ್ಟರೆ ಉಳಿಯುವುದು ಆತಿಥೇಯ ಸರ್ಕಾರದ ಒಪ್ಪಿಗೆ. ಆದರೆ ಒಪ್ಪಿಗೆ ಕೊಟ್ಟವರು ಅದನ್ನು ವಾಪಸ್ ತೆಗೆದುಕೊಳ್ಳಬಹುದು, ಬಂದೂಕು ಹಿಡಿದ ಇನ್ನೊಂದು ಪಕ್ಷ ಯಾವ ಕಾಗದಕ್ಕೂ ಸಹಿ ಹಾಕಿರುವುದಿಲ್ಲ. ಭಾರತಕ್ಕೆ ಇದು ಶ್ರೀಲಂಕಾದಲ್ಲಿ ಗೊತ್ತಾಯಿತು. 1987ರ ಜುಲೈ 29ರ ಒಪ್ಪಂದಕ್ಕೆ ಸಹಿ ಹಾಕಿದವರು ರಾಜೀವ್ ಗಾಂಧಿ ಮತ್ತು ಶ್ರೀಲಂಕಾದ ಅಧ್ಯಕ್ಷ ಜಯವರ್ಧನೆ, ಪ್ರತ್ಯೇಕ ತಮಿಳು ದೇಶಕ್ಕಾಗಿ ಹೋರಾಡುತ್ತಿದ್ದ ಎಲ್‌ಟಿಟಿಇ ಹಾಕಿರಲಿಲ್ಲ. ಆಯುಧ ಒಪ್ಪಿಸಿಕೊಳ್ಳಲು ಹೋದ ಶಾಂತಿಪಾಲನಾ ಪಡೆ ಅಕ್ಟೋಬರ್ ಹೊತ್ತಿಗೆ ಜಾಫ್ನಾದಲ್ಲಿ ಎಲ್‌ಟಿಟಿಇ ಜೊತೆ ಬೀದಿ ಬೀದಿಯಲ್ಲಿ ಹೊಡೆದಾಡುತ್ತಿತ್ತು. 1989ರಲ್ಲಿ ಅಧ್ಯಕ್ಷರಾದ ಪ್ರೇಮದಾಸ ಭಾರತದ ಪಡೆ ಹೊರಡಬೇಕೆಂದರು, ಅದರ ವಿರುದ್ಧ ಹೋರಾಡಲು ಎಲ್‌ಟಿಟಿಇಗೇ ಆಯುಧ ಕೊಟ್ಟರು. ಸುಮಾರು 1,200 ಸೈನಿಕರನ್ನು ಕಳೆದುಕೊಂಡು ಭಾರತ 1990ರ ಮಾರ್ಚ್‌ನಲ್ಲಿ ಹೊರಬಂತು.

ಆದ್ದರಿಂದ ಕರೆ ಬಂದಾಗ ಕಾಗದದಲ್ಲಿ ಇಷ್ಟಾದರೂ ಇರಬೇಕು: ಹೋರಾಡುತ್ತಿರುವ ಎಲ್ಲ ಪಕ್ಷಗಳ ಸಹಿ, ಆಯುಧಗಳನ್ನು ಯಾರಿಗೆ, ಎಲ್ಲಿ, ಯಾವ ದಿನದೊಳಗೆ ಒಪ್ಪಿಸಬೇಕು ಎಂಬ ಪಟ್ಟಿ, ಒಪ್ಪಿಸದವರ ಮೇಲೆ ಬಲಪ್ರಯೋಗಿಸುವವರು ಯಾರು, ಒಪ್ಪಿಗೆ ಹಿಂತೆಗೆದರೆ ಪಡೆ ಹೊರಡಲು ಎಷ್ಟು ತಿಂಗಳ ಅವಕಾಶ, ಅದು ಬಿಟ್ಟು ಹೋಗುವ ಊರುಗಳಲ್ಲಿ ಪೊಲೀಸ್ ಕೆಲಸ ಯಾರದು. ಶ್ರೀಲಂಕಾದಲ್ಲಿ ಈ ಕೊನೆಯ ಅಂಶಕ್ಕೆ ಉತ್ತರವಿರಲಿಲ್ಲ. ಭಾರತದ ಪಡೆ ಬಿಟ್ಟುಬಂದ ಪ್ರದೇಶಗಳನ್ನು ಎಲ್‌ಟಿಟಿಇ ವಶಪಡಿಸಿಕೊಂಡಿತು, ಅದೇ ವರ್ಷದ ಜೂನ್‌ನಲ್ಲಿ ಕೊಲಂಬೊ ಸರ್ಕಾರದೊಂದಿಗೆ ಮತ್ತೆ ಯುದ್ಧ ಶುರುವಾಯಿತು.